ಹೆಲ್ಮೆಟ್ ಕಾಕಾ

ಊರು ಅಂದಮೇಲೆ ಎತ್ತಿನ ಹಲ್ಲು ನೋಡುವವರೊಬ್ಬರು, ವರನ ಕುಲ-ಗೋತ್ರ ಕೇಳುವವರೊಬ್ಬರು, ಹೊಲದ ಬದುವಿನ ಜಗಳ ಬಿಡಿಸುವವರೊಬ್ಬರು ಇರಲೇಬೇಕು. ತೆಲಂಗಾಣದ ನಮ್ಮ ಐಜಕ್ಕೆ ಇವರ ಜೊತೆಗೆ ಹೆಲ್ಮೆಟ್ ನೋಡುವವರೂ ಒಬ್ಬರು ಸಿಕ್ಕಿದ್ದಾರೆ. ಅವರ ನಿಜವಾದ ಹೆಸರು ರೇಷನ್ ಕಾರ್ಡಿನಲ್ಲಿ ಭದ್ರವಾಗಿದೆ. ಊರ ಬಾಯಲ್ಲಿ ಅವರು ಹೆಲ್ಮೆಟ್ ಕಾಕಾ. ಗದ್ವಾಲ, ಮಕ್ತಲ, ನಾರಾಯಣಪೇಟೆಯವರಿಗೂ ಇಂಥವರ ಪರಿಚಯ ಇದ್ದೇ ಇರುತ್ತದೆ. ಇವರು ಎದುರಾದ ದಿನ ಬೇರೆ ಕೆಲಸ ಇಟ್ಟುಕೊಳ್ಳಬಾರದು.

ಕಾಕಾ ಮನೆಯಿಂದ ಕಿರಾಣಿ ಅಂಗಡಿಗೆ ಗಾಡಿ ತೆಗೆದರೂ ತಲೆಗೆ ಫುಲ್ ಫೇಸ್, ಗದ್ದದ ಕೆಳಗೆ ಬಿಗಿದ ಪಟ್ಟಿ. ಗಾಡಿಯ ಮುಳ್ಳು ನಲವತ್ತು ದಾಟಿದ್ದನ್ನು ಕಂಡವರಿಲ್ಲ. ಅವರ ಕೂದಲು ನರೆತಿದೆಯೋ ಉದುರಿದೆಯೋ ಎಂಬುದು ಓಣಿಯ ಹುಡುಗರಿಗೆ ಇನ್ನೂ ಬಗೆಹರಿಯದ ವಿಷಯ. ಚಹದ ಅಂಗಡಿಯಲ್ಲಿ ಹೆಲ್ಮೆಟ್ ತೆಗೆಯುತ್ತಾರೆ ನಿಜ, ಆದರೆ ನೆಲಕ್ಕೆ ಇಡುವುದಿಲ್ಲ, ಗಾಡಿಯ ಕನ್ನಡಿಗೆ ಸಿಕ್ಕಿಸುವುದಿಲ್ಲ, ತೊಡೆಯ ಮೇಲೆಯೇ ಕೂಡಿಸಿಕೊಳ್ಳುತ್ತಾರೆ. ಬೇರೆಯವರ ಹೆಲ್ಮೆಟ್ ಕನ್ನಡಿಯಲ್ಲಿ ನೇತಾಡುವುದು ಕಂಡರೆ ಅವರಿಗೆ ಸಂಕಟ. “ಕನ್ನಡಿ ತುದಿ ಒಳಗ ಒತ್ತಿ ಥರ್ಮೋಕೋಲಿಗೆ ಕುಣಿ ಬೀಳ್ತದಲ್ರೀ! ಪೆಟ್ಟು ತಡೆಯೋದು ಮ್ಯಾಲಿನ ಬಣ್ಣ ಅಲ್ಲ, ಒಳಗಿನ ಆ ಬಿಳಿ ಪದರ.” ಅವರು ಹೇಳುವುದರಲ್ಲಿ ತಪ್ಪು ಹುಡುಕುವಂತಿಲ್ಲ. ಕಾಕಾನ ಜೊತೆ ಇರುವ ದೊಡ್ಡ ತೊಂದರೆಯೇ ಅದು.

ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ನಮ್ಮ ನಡಿಗಡ್ಡೆಯಲ್ಲಿ ಬೀಜದ ಹತ್ತಿಯ ದುಡ್ಡು ಕೈಗೆ ಬಂದರೆ ಹೊಸ ಬೈಕು ಬರುತ್ತದೆ. ಬೈಕಿನ ಹಿಂದೆ ಹೆಲ್ಮೆಟ್ ಬರಬೇಕು. ಹೆಲ್ಮೆಟ್ಟಿಗೆ ಮುಂಚೆ ಕಾಕಾ ಬರುತ್ತಾರೆ. ಹೊಸ ಗಾಡಿಯ ಹುಡುಗನೊಬ್ಬನನ್ನು ಕರೆದುಕೊಂಡು ಅವರು ಮೆಟ್ಟಿಲು ಹತ್ತುವುದನ್ನು ಕಂಡ ಅಂಗಡಿಯವನು ಬೋಣಿಗೆಯ ಆಸೆ ಬಿಟ್ಟು ಮೂರು ಚಹ ಹೇಳಿದ.

“ತಲಿ ಅಳತಿ ಎಷ್ಟು ತಮ್ಮಾ?”

“ಲಾರ್ಜ್, ಕಾಕಾ.”

“ಅದು ಅಂಗಿ ಅಳತಿ. ತಲೀದು ಹೇಳು.”

ಜೇಬಿನಿಂದ ದರ್ಜಿಯ ಟೇಪು ಹೊರಬಂತು. ಹುಬ್ಬಿನ ಮೇಲೆ ಒಂದಿಂಚು ಬಿಟ್ಟು, ಕಿವಿಯ ಮೇಲುಗಡೆಯಿಂದ ಹಾಯಿಸಿ, ಹಿಂತಲೆಯ ಉಬ್ಬಿನ ಸುತ್ತ ತಂದು ಅಳೆದರು. 58 ಸೆಂಟಿಮೀಟರ್. “ಇದು ಒಂದು ಕಂಪನೀಗೆ ಮೀಡಿಯಂ, ಇನ್ನೊಂದು ಕಂಪನೀಗೆ ಲಾರ್ಜ್. ಅಕ್ಷರ ನಂಬಬ್ಯಾಡ, ಸೆಂಟಿಮೀಟರ್ ನಂಬು.” ಹುಡುಗ ಒಂದನ್ನು ಹಾಕಿಕೊಂಡು, “ಇದು ಆರಾಮ ಅದ ಕಾಕಾ” ಅಂದ. “ಆರಾಮ ಬೇಕಾದ್ರ ರುಮಾಲು ಸುತ್ತಿಕೊಂಡು ಹೋಗು. ಹೊಸಾದು ಗಲ್ಲ ಹಿಡಿಯಂಗ ಇರಬೇಕು. ಒಳಗಿನ ಮೆತ್ತೆ ಹಾಕ್ಕೊಂತ ಹಾಕ್ಕೊಂತ ಸಡಿಲಾಗ್ತದ.”

ಆಮೇಲೆ ದೊಡ್ಡ ಪರೀಕ್ಷೆ. ಪಟ್ಟಿ ಬಿಗಿದು, ಹುಡುಗನ ಬೆನ್ನ ಹಿಂದೆ ನಿಂತು, ಹೆಲ್ಮೆಟ್ಟಿನ ಹಿಂದಿನ ಅಂಚು ಹಿಡಿದು ಮೇಲೆತ್ತಿ ಮುಂದಕ್ಕೆ ಉರುಳಿಸಿದರು. ಮೊದಲನೆಯದು ಸಲೀಸಾಗಿ ಕಳಚಿ ಕಾಕಾನ ಕೈಗೆ ಬಂತು. ಎರಡನೆಯದು ಹುಡುಗನ ಕಿವಿಗಳನ್ನೂ ಜೊತೆಗೆ ತರಲು ನೋಡಿತು. ಮೂರನೆಯದು ಅಲ್ಲಾಡಲಿಲ್ಲ. ಹುಡುಗ ಮಾತ್ರ ಅಂಗಡಿಯವನ ಕಾಲಿಗೆ ಬೀಳುವಷ್ಟು ಬಾಗಿದ್ದ. “ನೋಡು, ಇದು ಗಟ್ಟಿ” ಅಂತ ಕಾಕಾ ಅವನನ್ನು ಎತ್ತಿ ನಿಲ್ಲಿಸಿದರು.

ಗಟ್ಟಿ ಅಂದಮೇಲೂ ಮುಗಿಯಲಿಲ್ಲ. ಹಿಂದುಗಡೆಯ ಐಎಸ್‌ಐ ಗುರುತು ನೋಡಬೇಕು. ಗುರುತಿನ ಮೇಲೆ ಐಎಸ್ 4151 ಇರಬೇಕು, ಕೆಳಗೆ ಲೈಸೆನ್ಸ್ ನಂಬರ್ ಇರಬೇಕು. ಆ ನಂಬರನ್ನು ಬಿಐಎಸ್ ಕೇರ್ ಆ್ಯಪಿಗೆ ಹಾಕಿ ನಿಜವೋ ಸುಳ್ಳೋ ತಿಳಿಯಬೇಕು. 2021ರ ಜೂನ್ ಒಂದರಿಂದ ಈ ಗುರುತಿಲ್ಲದ ಹೆಲ್ಮೆಟ್ ಮಾರುವಂತಿಲ್ಲ ಎಂಬುದನ್ನು ಕಾಕಾ ಅಂಗಡಿಯವನಿಗೆ ಹೋದಾಗಲೆಲ್ಲ ಹೊಸ ಸುದ್ದಿಯಂತೆ ತಿಳಿಸುತ್ತಾರೆ. ಕಂಪನಿಯ ವಿಷಯದಲ್ಲಿ ಪಕ್ಷಪಾತವಿಲ್ಲ. ಆದರೂ ಫರೀದಾಬಾದಿನ ಸ್ಟಡ್ಸ್ ಕೈಗೆತ್ತಿಕೊಂಡಾಗ ಇಲ್ಲದ ಒಂದು ನಗು, ವೆಗಾ ಎತ್ತಿಕೊಂಡಾಗ ಮುಖದ ಮೇಲೆ ಬರುತ್ತದೆ. “ಇದು ನಮ್ಮ ಬೆಳಗಾವೀದು” ಅಂತಾರೆ. ತೆಲಂಗಾಣದಲ್ಲಿ ನಿಂತು, ಅಂಗಡಿಯವನ ಜೊತೆ ತೆಲುಗಿನಲ್ಲಿ ರೇಟು ಜಗ್ಗುತ್ತ, ಕಾಕಾ ಕನ್ನಡಾಭಿಮಾನ ತೀರಿಸಿಕೊಳ್ಳುವುದು ಹೀಗೆ.

ಇಷ್ಟಾದರೂ ಮುಖ್ಯ ಅಧ್ಯಾಯ ಬಾಕಿ ಇದೆ. ಅದು ಗ್ಲಾಸಿನದು. ಹುಡುಗನಿಗೆ ಬೇಕಾದದ್ದು ಕಾಮನಬಿಲ್ಲಿನ ಬಣ್ಣ ಹೊಡೆಯುವ ಮಿರರ್ ಗ್ಲಾಸು. ನೋಡುವವರಿಗೆ ಅವರ ಮುಖವೇ ಕಾಣಬೇಕು, ಇವನದು ಕಾಣಬಾರದು. ಕಾಕಾ ಅವನನ್ನು ಬಾಗಿಲಿಗೆ ಕರೆದೊಯ್ದು ತೋರಿಸಿದರು. “ಹಗಲು ಚಂದ. ಹೊತ್ತು ಮುಳುಗಿದ ಮ್ಯಾಲೆ? ರಸ್ತಾ ಕರೀದು, ಎಮ್ಮಿ ಕರೀದು, ನಿನ್ನ ಗ್ಲಾಸು ಕರೀದು. ಹತ್ತಿ ಹೇರಿದ ಟ್ರ್ಯಾಕ್ಟರಿಗೆ ಹಿಂದ ಲೈಟ್ ಇರಂಗಿಲ್ಲ. ಯಾವುದು ಯಾವುದು ಅಂತ ಹೆಂಗ ತಿಳಕೊಂತಿ?” ಹುಡುಗ, “ರಾತ್ರಿ ಗ್ಲಾಸು ಎತ್ತಿಬಿಡ್ತೀನಿ” ಅಂದ. “ಎತ್ತು. ಆರ್‌ಡಿಎಸ್ ಕಾಲುವಿ ದಂಡೀಗುಂಟ ಸಂಜಿಮುಂದ ಹೋಗು. ಊಟ ಮನ್ಯಾಗ ಬ್ಯಾಡ, ಹುಳ ತಿಂದೇ ಹೊಟ್ಟಿ ತುಂಬ್ತದ.”

ಗ್ಲಾಸಿನ ಆರೈಕೆಯ ಬಗ್ಗೆ ಕಾಕಾಗೆ ಪ್ರತ್ಯೇಕ ಉಪನ್ಯಾಸವಿದೆ. ಅದು ಗಾಜಲ್ಲ, ಪಾಲಿಕಾರ್ಬೊನೇಟ್. ಧೂಳಿದ್ದಾಗ ಒಣಬಟ್ಟೆಯಲ್ಲಿ ತಿಕ್ಕಿದರೆ ಗೀರು ಬೀಳುತ್ತದೆ, ಎದುರಿನ ಲಾರಿಯ ಬೆಳಕು ರಾತ್ರಿ ಆ ಗೀರುಗಳಲ್ಲಿ ಒಡೆದು ಕಣ್ಣು ತುಂಬುತ್ತದೆ. ನೀರು ಹಾಕಿ, ತುಸು ಸಾಬೂನು ಹಚ್ಚಿ, ಮೆತ್ತಗೆ ಒರೆಸಬೇಕು. ಪಂಕ್ಚರ್ ಅಂಗಡಿಯಲ್ಲಿ ಯಾರೋ ಪೆಟ್ರೋಲು ಅದ್ದಿದ ಬಟ್ಟೆಯಿಂದ ಗ್ಲಾಸು ಫಳಫಳ ಮಾಡುತ್ತಿದ್ದುದನ್ನು ಕಂಡು ಕಾಕಾ ಗಾಡಿಯಿಂದಲೇ ಕೂಗಿದ್ದು ಊರಿಗೆಲ್ಲ ಗೊತ್ತು. ಪೆಟ್ರೋಲು ತಾಗಿದರೆ ಆ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ ಎಂಬ ಸತ್ಯ ಅವತ್ತು ಬಸ್ಸಿಗೆ ಕಾದಿದ್ದವರಿಗೂ ತಿಳಿಯಿತು. ಮಳೆಗಾಲಕ್ಕೆ ಮಂಜು ಕಟ್ಟದ ಗ್ಲಾಸು, ಬೇಸಿಗೆಗೆ ಗಾಳಿಕಿಂಡಿ ದೊಡ್ಡದಿರುವ ಹೆಲ್ಮೆಟ್ಟು, ತಿಕ್ಕ ವೀರೇಶ್ವರ ಸ್ವಾಮಿಯ ಜಾತ್ರೆಯ ಧೂಳಿಗೆ ಅಂಚು ಬಿಗಿಯಾಗಿ ಮುಚ್ಚುವ ಗ್ಲಾಸು. ಹೀಗೆ ವರ್ಷದ ಋತುಗಳನ್ನು ಕಾಕಾ ಹೆಲ್ಮೆಟ್ಟಿನ ಲೆಕ್ಕದಲ್ಲಿಯೇ ಎಣಿಸುತ್ತಾರೆ.

ರುಮಾಲು ಬಿಚ್ಚಲೊಲ್ಲದ ಹಿರಿಯರೂ ಅವರ ಬಳಿ ಬರುತ್ತಾರೆ. ರುಮಾಲಿನ ಮೇಲೆ ಏರಿಸಿದ ಹೆಲ್ಮೆಟ್ಟು ಸಿಂಬಿಯ ಮೇಲಿನ ಕೊಡದಂತೆ ಕೂತಿರುತ್ತದೆ, ಕುಣಿಯೊಂದು ಬಂದರೆ ಕೊಡದ ಗತಿಯೇ ಅದಕ್ಕೂ. ಬಿತ್ತನೆ ಬೀಜದ ಆರ್ಗನೈಜರುಗಳದು ಬೇರೆ ಬೇಡಿಕೆ. ಕಿವಿಗೂ ಹೆಲ್ಮೆಟ್ಟಿಗೂ ನಡುವೆ ಮೊಬೈಲು ಸಿಕ್ಕಿಸಲು ಜಾಗವಿರಬೇಕು. ಗುಟ್ಕಾದವರಿಗೆ ಗದ್ದದ ಕಟ್ಟೆಯೇ ಇಲ್ಲದ ಅರ್ಧ ಟೋಪಿ ಬೇಕು, ಉಗುಳಲು ಅನುಕೂಲ. ಇವರೆಲ್ಲರಿಗೂ ಕಾಕಾ ಹೇಳುವ ಕಥೆ ಒಂದೇ. ಅರೇಬಿಯಾದಲ್ಲಿ ಹೆಸರು ಮಾಡಿದ ಬ್ರಿಟಿಷ್ ಸೇನಾಧಿಕಾರಿ ಟಿ.ಇ. ಲಾರೆನ್ಸ್ 1935ರ ಮೇ ತಿಂಗಳಲ್ಲಿ ಮೋಟಾರ್‌ಸೈಕಲ್ಲಿಂದ ಬಿದ್ದ. ತಲೆಗೆ ಏನೂ ಇರಲಿಲ್ಲ, ಆರು ದಿನಕ್ಕೆ ತೀರಿಕೊಂಡ. ಅವನನ್ನು ನೋಡಿದ ವೈದ್ಯರಲ್ಲಿ ಒಬ್ಬನಾದ ಹ್ಯೂ ಕೇರ್ನ್ಸ್ ಅದನ್ನು ಮನಸ್ಸಿಗೆ ಹಚ್ಚಿಕೊಂಡು, ಬೈಕಿನಿಂದ ಬಿದ್ದ ಸೈನಿಕರ ತಲೆಗಳನ್ನು ಅಧ್ಯಯನ ಮಾಡಿ, 1941ರಲ್ಲಿ ಹೆಲ್ಮೆಟ್ ಜೀವ ಉಳಿಸುತ್ತದೆಂದು ಬರೆದ. ಬ್ರಿಟಿಷ್ ಸೇನೆ ತನ್ನ ಬೈಕ್ ಸವಾರರಿಗೆ ಅದನ್ನು ಕಡ್ಡಾಯ ಮಾಡಿತು. ಕಥೆ ಕೇಳಿದ ರುಮಾಲಿನ ಅಜ್ಜ ಕೇಳಿದ: “ಆ ಸಾಹೇಬ ರಾಯಚೂರು ರೋಡಿಗೆ ಯಾಕ ಬಂದಿದ್ನಪ್ಪಾ?”

ಇಷ್ಟು ಬಲ್ಲ ಕಾಕಾನ ಬಳಿ ಕೇಳಬಾರದ ಪ್ರಶ್ನೆ ಒಂದಿದೆ. ಕಾಕಿಯ ಹೆಲ್ಮೆಟ್ ಎಲ್ಲಿ?

ಕಾಕಿ ಬಹಳ ದಿನದಿಂದ ಹಿಂದಿನ ಸೀಟಿನಲ್ಲಿ ಸೆರಗು ಹೊದ್ದು ಕೂತೇ ಓಡಾಡುತ್ತಾರೆ. ಕಾಕಾ ಅವರನ್ನು ಮರೆತಿಲ್ಲ, ಹುಡುಕುತ್ತಲೇ ಇದ್ದಾರೆ. ಗದ್ವಾಲದಲ್ಲಿ ಕಂಡದ್ದಕ್ಕೆ ಗಾಳಿಕಿಂಡಿ ಸಣ್ಣವು, ಕರ್ನೂಲಿನದಕ್ಕೆ ಗ್ಲಾಸಿನ ತಿರುಪು ಸಡಿಲು, ಹೆದ್ದಾರಿ ಬದಿಯ ತಾಡಪತ್ರಿ ಮೇಲಿನವು ಮಾತಿಗೇ ಲಾಯಕ್ಕಿಲ್ಲ. ಮುಂದಿನ ವರ್ಷ ಇನ್ನೂ ಹಗುರವಾದದ್ದು ಬರುತ್ತದಂತೆ, ಕಾದು ನೋಡೋಣ ಎನ್ನುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಹಿಂದೆ ಕೂತವರಿಗೂ ಅನ್ವಯಿಸುತ್ತದೆ ಎಂಬುದು ಕಾಕಾಗೆ ಬಾಯಿಪಾಠ. ಕಲಂ ಕಾಯುತ್ತದೆ, ಒಳ್ಳೆಯ ಮಾಡೆಲ್ ಸಿಗಬೇಕಲ್ಲ!

ಕಡೆಗೆ ರಾಯಚೂರಿನ ಮದುವೆಗೆಂದು ಹೋದಾಗ ಇದು ಇತ್ಯರ್ಥವಾಯಿತು. ಅಂಗಡಿಯಲ್ಲಿ ಕಾಕಾ ಲೈಸೆನ್ಸ್ ನಂಬರಿಗೆ ಸಿಗ್ನಲ್ ಹುಡುಕುತ್ತ ಬಾಗಿಲಾಚೆ ಮೊಬೈಲು ಎತ್ತಿ ಹಿಡಿದು ನಿಂತಿದ್ದರು. ಒಳಗೆ ಕಾಕಿ ತುರುಬು ಬಿಚ್ಚಿ ಜಡೆ ಕೆಳಗಿಳಿಸಿದರು, ಐಎಸ್‌ಐ ಇದ್ದ ಒಂದನ್ನು ತಲೆಗೆ ಹಾಕಿಕೊಂಡರು, ಕತ್ತು ಎಡಕ್ಕೆ ಬಲಕ್ಕೆ ಆಡಿಸಿದರು, ಪಟ್ಟಿ ಬಿಗಿದು ಹಿಂದಿನಿಂದ ತಾವೇ ಎತ್ತಿ ನೋಡಿದರು, ಗ್ಲಾಸು ಬಿಳಿಯದಿದೆ ಎಂದು ಖಾತ್ರಿ ಮಾಡಿಕೊಂಡು ದುಡ್ಡು ಕೊಟ್ಟು ಹೊರಬಂದರು. ಕಾಕಾನ ಕೈಯಲ್ಲಿ ಆ್ಯಪು ಇನ್ನೂ ಸುತ್ತುತ್ತಿತ್ತು.

“ಗಲ್ಲ ಬಿಗಿ ಅನಸ್ತದೇನು? ಇನ್ನೆರಡು ಮಾಡೆಲ್ ನೋಡಬೇಕಾಗಿತ್ತು” ಅಂದರು ಕಾಕಾ.

“ನಿಮ್ಮ ತಲೀಗೇ ಹೊಂದಿಕೊಂಡೀನಿ. ಇದು ಎಷ್ಟರ ಮಾತು, ಗಾಡಿ ತೆಗೀರಿ” ಅಂದರು ಕಾಕಿ.

ಕಾಕಾನ ಜ್ಞಾನದಲ್ಲಿ ಕೊರತೆ ಇಲ್ಲ, ಕಾಕಿಯ ಆಯ್ಕೆಯಲ್ಲೂ ಕೊರತೆ ಇಲ್ಲ. ಕಾಕಾ ವರ್ಷಗಟ್ಟಲೆ ಹೇಳಿದ್ದನ್ನೇ ಕಾಕಿ ಕೇಳಿಸಿಕೊಂಡು, ಚಹ ಆರುವುದರೊಳಗೆ ಮಾಡಿ ಮುಗಿಸಿದರು, ಅಷ್ಟೇ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ ಹೆಲ್ಮೆಟ್ ಇಲ್ಲದೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 50,029 ಮಂದಿ. ಅವರಲ್ಲಿ 14,337 ಜನ ಹಿಂದೆ ಕೂತವರು. ಆದ್ದರಿಂದ ಓದುಗರೇ, ತಲೆ ಅಳೆಯಿರಿ, ಗುರುತು ನೋಡಿ, ಪಟ್ಟಿ ಎಳೆಯಿರಿ, ಬಿಳಿ ಗ್ಲಾಸಿನದನ್ನು ತನ್ನಿ. ಒಂದಲ್ಲ, ಎರಡು ತನ್ನಿ. ಮುಂದಿನ ವರ್ಷದ ಮಾಡೆಲ್ಲನ್ನು ಕಾಕಾ ನೋಡಿಕೊಳ್ಳುತ್ತಾರೆ.