ಬೋರ್ಡ್ ಇಲ್ಲದ ಬೀರು

ದಸರಾ ರಜೆ ನಮ್ಮ ಬೀದಿಯಲ್ಲಿ ಎಲ್ಲರಿಗೂ ಒಂದೇ ದಿನ ಮುಗಿಯುವುದಿಲ್ಲ. ಕಾನ್ವೆಂಟಿನ ಮಕ್ಕಳು ಬೂಟು ಪಾಲಿಶ್ ಮಾಡಿಕೊಂಡು ವ್ಯಾನಿಗೆ ಕಾಯುತ್ತಿದ್ದರೆ, ಸರ್ಕಾರಿ ಶಾಲೆಯ ಮಕ್ಕಳು ಅವರ ಕಣ್ಣೆದುರಿಗೇ ಕ್ರಿಕೆಟ್ ಆಡುತ್ತಿರುತ್ತವೆ. ಕ್ರಿಸ್‌ಮಸ್ಸಿಗೆ ರಜೆ ಬೇಕಾದರೆ ದಸರೆಯಲ್ಲಿ ಅಷ್ಟು ದಿನ ಮೊಟಕು ಮಾಡಿಕೊಳ್ಳಬೇಕು. ಮಿಷನರಿ ಶಾಲೆಗಳು ಬಹಳ ಕಾಲದಿಂದ ಹೀಗೆಯೇ ಹೊಂದಿಸಿಕೊಂಡು ಬಂದಿವೆ. ಡಿಸೆಂಬರಿನಲ್ಲಿ ಲೆಕ್ಕ ಚುಕ್ತಾ ಆಗುತ್ತೆ ಕಣ್ರೋ ಅಂತ ಎಷ್ಟು ಸಮಾಧಾನ ಹೇಳಿದರೂ ಅಕ್ಟೋಬರಿನಲ್ಲಿ ಆ ಮುಖಗಳನ್ನು ನೋಡಲಾಗುವುದಿಲ್ಲ.

ಕಾಂಪೌಂಡಿನ ಆಚೆ ದಾಸವಾಳ ಬಿಡಿಸುತ್ತಿದ್ದ ಟೀಚರಮ್ಮನಿಗೆ ಇದನ್ನೇ ಹೇಳಿದೆ. ಅವರು ಕಾನ್ವೆಂಟ್ ಹೈಸ್ಕೂಲೊಂದರಲ್ಲಿ ಕನ್ನಡ ಹೇಳಿಕೊಟ್ಟು ನಿವೃತ್ತರಾದವರು. ಹಣೆಯ ಮೇಲೆ ವಿಭೂತಿ ಇಟ್ಟುಕೊಂಡೇ ಅಲ್ಲಿ ಸರ್ವಿಸ್ ಮುಗಿಸಿದವರು. ಯಾವ ಸಿಸ್ಟರೂ ಅದರ ಬಗ್ಗೆ ಒಂದು ಮಾತು ಕೇಳಿದ್ದಿಲ್ಲವಂತೆ.

"ರಜಾ ಹೋದ್ರೆ ಹೋಯ್ತು ಬಿಡಮ್ಮ," ಅಂದರು. "ರಜಾ ಮುಗಿದ ದಿನ ಯಾವ ಮಗು ಬರ್ಲಿಲ್ಲ ಅಂತ ನೋಡ್ಬೇಕು. ಒಂಬತ್ತನೇ ಕ್ಲಾಸ್ ಹುಡುಗಿ ಅಜ್ಜಿ ಮನೆಗೆ ಹೋದೋಳು ನಾಲ್ಕು ದಿನ ಆದ್ರೂ ವಾಪಸ್ ಬಂದಿಲ್ಲ ಅಂದ್ರೆ ನಮ್ಗೆ ಎದೆ ಧಸಕ್ ಅನ್ನೋದು."

ಯಾಕೆಂದು ನಾನು ಕೇಳಲಿಲ್ಲ. ಅಜ್ಜಿ ಮನೆಯಲ್ಲಿ ತಾಳಿ ಕಟ್ಟಲು ಸೋದರಮಾವನೂ ಇರುತ್ತಾನಲ್ಲ.

"ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡ್ತಿದ್ರಾ?"

"ಮೊದಲು ಅವರ ಮನೆಗೆ ಹೋಗ್ತಿದ್ವಿ. ಕಾಫಿ ಕುಡಿದು, ಹಸು ಕರೀತಾ, ಮಳೆ ಬಂತಾ ಅಂತೆಲ್ಲ ಮಾತಾಡಿ, ಆಮೇಲೆ ಹುಡುಗಿ ಎಲ್ಲಿ ಅಂತ ಕೇಳ್ತಿದ್ವಿ. ಸಿಸ್ಟರು ಬಂದಿದ್ದಾರೆ ಅಂದ್ರೆ ಅಕ್ಕಪಕ್ಕದೋರೆಲ್ಲ ಸೇರಿಬಿಡೋರು. ಅಷ್ಟು ಜನರ ಮುಂದೆ ಸುಳ್ಳು ಹೇಳೋದು ಕಷ್ಟ. ಅದಕ್ಕೂ ಬಗ್ಗದಿದ್ರೆ ಫೋನು."

ನಮ್ಮೂರು ತುಮಕೂರಲ್ಲಿ ಕಾನ್ವೆಂಟ್ ಅಂದರೆ ಜನರ ತಲೆಗೆ ಮೊದಲು ಬರುವುದು ಇಂಗ್ಲಿಷು, ಎರಡನೆಯದು ಶಿಸ್ತು, ಮೂರನೆಯದು ಫೀಸು. ಯಾರ ಶಾಲೆ, ಯಾವ ಪಂಗಡ ಎಂಬ ವಿಚಾರ ಯಾರಿಗೂ ಬೇಕಿಲ್ಲ. ಪಕ್ಕದ ಗುಬ್ಬಿಗೆ 1830ರ ದಶಕದಲ್ಲೇ ವೆಸ್ಲಿಯನ್ ಮಿಷನ್ನಿನವರು ಬಂದು ಕೂತಿದ್ದರು. ಅಲ್ಲಿದ್ದ ವಿಲಿಯಂ ಆರ್ಥರ್ ಎಂಬ ಪಾದ್ರಿ ಮೈಸೂರು ಸೀಮೆಯ ಅನುಭವವನ್ನು 1847ರಲ್ಲಿ ಪುಸ್ತಕವನ್ನೇ ಮಾಡಿದ. ಅವರು ಪ್ರೊಟೆಸ್ಟೆಂಟರು. ಕ್ಯಾಥೊಲಿಕರ ಲೆಕ್ಕವೇ ಬೇರೆ. ತುಮಕೂರು ಜಿಲ್ಲೆ ಇವತ್ತಿಗೂ ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೆ ಸೇರಿದ್ದು. ಬೆಂಗಳೂರಿಗೆ ಗುಡ್ ಶೆಫರ್ಡ್ ಸಭೆಯ ಸಿಸ್ಟರುಗಳು ಬಂದದ್ದು 1854ರಲ್ಲಿ. ಕನ್ಯಾಸ್ತ್ರೀಯರ ಶಾಲೆ ಎಂಬ ಕಲ್ಪನೆ ಈ ಕಡೆಗೆ ನಿಧಾನವಾಗಿ ಹರಿದು ಬಂದದ್ದು ಆಮೇಲೆ. ಬಿಳಿ ಸೀರೆ ಉಟ್ಟವರೆಲ್ಲ ಸಿಸ್ಟರು, ಬಿಳಿ ನಿಲುವಂಗಿ ತೊಟ್ಟವರೆಲ್ಲ ಫಾದರು, ಅಲ್ಲಿಗೆ ನಮ್ಮ ಬೀದಿಯ ಜ್ಞಾನ ಮುಗಿಯಿತು.

ಒಳಗೆ ಕೂತಿರುವ ಮಕ್ಕಳಲ್ಲಿ ಕ್ರೈಸ್ತರು ಎಷ್ಟು ಅಂತ ಕೇಳಿದರೆ ಟೀಚರಮ್ಮ ಬೆರಳು ಮಡಚುತ್ತಾರೆ, ಕೈ ಬದಲಿಸುವ ಪ್ರಮೇಯ ಹೆಚ್ಚು ಬರುವುದಿಲ್ಲ. ಆ ನಾಲ್ಕಾರು ಮಕ್ಕಳು ಜ್ಞಾನೋಪದೇಶಕ್ಕೆ ಹೋದಾಗ ಮಿಕ್ಕವರಿಗೆ ನೀತಿ ಪಾಠ. "ನೀತಿ ಪಾಠ ನಾನೇ ಮಾಡ್ತಿದ್ದೆ," ಅಂದರು. "ಪುಸ್ತಕ ಬದಿಗಿಟ್ಟು ವಚನ ಹೇಳ್ತಿದ್ದೆ. ಒಂದು ಸಲ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಬಾಗಿಲಲ್ಲಿ ನಿಂತು ಕೇಳಿಸ್ಕೊಂಡ್ರು. ಬೈತಾರೇನೋ ಅಂದ್ಕೊಂಡೆ. ಸಾಯಂಕಾಲ ಕರೆದು, ಅದನ್ನ ನಂಗೂ ಬರೆದುಕೊಡಿ ಅಂದ್ರು."

ಅಷ್ಟರಲ್ಲಿ ನಮ್ಮ ಮಾತು ಬಸ್ಸಿನ ಕಡೆ ಹೊರಳಿತು. ತುಮಕೂರಿನವರ ಯಾವ ಮಾತೂ ಬಸ್ಸು ಹತ್ತದೆ ಮುಗಿಯುವುದಿಲ್ಲ.

ಗುಬ್ಬಿ ಹತ್ತಿರ, ಇಪ್ಪತ್ತೇ ಕಿಲೋಮೀಟರು. ಬಿ.ಎಚ್. ರಸ್ತೆಯಲ್ಲಿ ಬಸ್ಸಿದೆ, ಅರಸೀಕೆರೆ ಲೈನಿನ ರೈಲೂ ಇದೆ. ಕುಣಿಗಲ್ಲಿನ ಕಥೆಯೇ ಬೇರೆ. ಅಲ್ಲಿಗೆ 2017ರಲ್ಲಿ ರೈಲು ಬಂತು ನಿಜ, ಆದರೆ ಅದು ಹೋಗುವುದು ಬೆಂಗಳೂರಿಗೆ, ಹಾಸನಕ್ಕೆ. ಜಿಲ್ಲಾ ಕೇಂದ್ರಕ್ಕೆ ಬರಬೇಕಾದರೆ ಹೆಬ್ಬೂರಿನ ಮೇಲೆ ಬಸ್ಸೇ ಗತಿ. ಹಾಗಾಗಿ ಕುಣಿಗಲ್ ಕಡೆಯ ಮಕ್ಕಳು ಒಂದೋ ಅಲ್ಲೇ ಓದುತ್ತವೆ, ಇಲ್ಲವೇ ಇಲ್ಲಿ ಹಾಸ್ಟೆಲಲ್ಲೋ ನೆಂಟರ ಮನೆಯಲ್ಲೋ ಇರುತ್ತವೆ. ದಿನಾ ಓಡಾಡುವ ಮಕ್ಕಳು ಹೆಚ್ಚಾಗಿ ನಡುವಿನ ಹಳ್ಳಿಗಳವು.

2023ರ ಜೂನಿನಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಉಚಿತ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಪಾಸಿನ ರಗಳೆ ತಪ್ಪಿತು, ಆಧಾರ್ ಕಾರ್ಡ್ ತೋರಿಸಿದರೆ ಸಾಕು. ಹುಡುಗರಿಗೆ ಪಾಸು ಬೇಕೇ ಬೇಕು. ಬಸ್ಸು ತುಂಬಿ ತುಳುಕುವುದರಿಂದ ಪಾಸಿದ್ದೂ ಫುಟ್‌ಬೋರ್ಡೇ ಗತಿ. ಶಾಲೆಗೆ ತಡವಾಗಿ ಬರುವವರ ಸಾಲು ನೋಡಿ, ಬರೀ ಹುಡುಗರು. ಇದನ್ನು ಶಿಸ್ತಿನ ಸಮಸ್ಯೆ ಎಂದುಕೊಂಡು ಗೇಟು ಹಾಕಿ ಅರ್ಧ ಗಂಟೆ ಬಿಸಿಲಲ್ಲಿ ನಿಲ್ಲಿಸುವ ಶಾಲೆಗಳಿವೆ. ಟೀಚರಮ್ಮನ ಶಾಲೆಯಲ್ಲೂ ಮೊದಲು ಹಾಗೇ ಇತ್ತಂತೆ. ಆಮೇಲೆ ಒಬ್ಬ ಸಿಸ್ಟರ್ ಒಂದು ವಾರ ಬಸ್ ಸ್ಟ್ಯಾಂಡಿಗೇ ಹೋಗಿ ನಿಂತು ನೋಡಿದರು. ಯಾವ ಬಸ್ಸು ಎಷ್ಟು ಹೊತ್ತಿಗೆ ಬರುತ್ತೆ, ಯಾವುದು ನಿಲ್ಲಿಸದೆ ಹೋಗುತ್ತೆ ಅಂತ ಬರೆದುಕೊಂಡು ಬಂದು, ಆ ಹುಡುಗರ ಹೆಸರನ್ನು ಬೇರೆ ಪುಸ್ತಕಕ್ಕೆ ಹಾಕಿದರು. ಆ ಪುಸ್ತಕದಲ್ಲಿರುವವನು ತಡವಾಗಿ ಬಂದರೆ ಹಿಂದಿನ ಬಾಗಿಲಿಂದ ಬಂದು ಕೂತುಕೊಳ್ಳಬಹುದು, ಯಾರೂ ಮಾತಾಡಬಾರದು. ಇದು ನನಗೆ ಬಹಳ ಹಿಡಿಸಿತು. ಮಕ್ಕಳಿಗೆ ನೆರವು ಅಂತ ದೊಡ್ಡ ದೊಡ್ಡ ಮಾತು ಕೇಳುತ್ತೇವೆ. ಬಸ್ ಸ್ಟ್ಯಾಂಡಿಗೆ ಹೋಗಿ ನೋಡಿದವರು ಎಷ್ಟು ಜನ?

"ಹಸಿವಿನದ್ದೂ ಹಾಗೇ ಕಣಮ್ಮ," ಅಂತ ಟೀಚರಮ್ಮ ಹೂವಿನ ಬುಟ್ಟಿಯನ್ನು ಗೋಡೆಯ ಮೇಲಿಟ್ಟರು. ಬುಟ್ಟಿ ಗೋಡೆ ಏರಿತೆಂದರೆ ಇನ್ನು ಅರ್ಧ ಗಂಟೆ ಗ್ಯಾರಂಟಿ.

ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಹತ್ತನೇ ತರಗತಿಯವರೆಗೆ ಬಿಸಿಯೂಟ ಉಂಟು. 2013ರಿಂದ ಕ್ಷೀರಭಾಗ್ಯದ ಹಾಲು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೈಜೋಡಿಸಿ ವಾರಕ್ಕೆ ಆರು ದಿನ ಮೊಟ್ಟೆ, ಬೇಡದವರಿಗೆ ಬಾಳೆಹಣ್ಣು. ಅನುದಾನ ಇಲ್ಲದ ಶಾಲೆಯ ಮಗುವಿಗೆ ಇದ್ಯಾವುದೂ ಇಲ್ಲ. ಕಾನ್ವೆಂಟಿಗೆ ಸೇರಿಸಿದ್ದಾರೆ ಅಂದ ಮೇಲೆ ಉಳ್ಳವರೇ ಇರಬೇಕು ಅಂತ ಸರ್ಕಾರದ ಎಣಿಕೆ. ತೋಟದಲ್ಲಿ ಅಡಿಕೆ ಸುಲಿಯುವವಳು, ಕುಣಿಗಲ್ಲಿನ ಕುದುರೆ ಫಾರಮ್ಮಿನಲ್ಲಿ ಕುದುರೆ ಮೈ ಉಜ್ಜುವವನು, ಬಿ.ಎಚ್. ರಸ್ತೆಯ ಪಂಕ್ಚರ್ ಅಂಗಡಿಯವನು, ಇವರೆಲ್ಲ ಚೀಟಿ ದುಡ್ಡು ಎತ್ತಿ ಮಕ್ಕಳನ್ನು ಅಲ್ಲಿ ಸೇರಿಸಿರುತ್ತಾರೆ. ಫೀಸು ಕಟ್ಟಿದ ಮೇಲೆ ತಿಂಡಿಗೆ ಉಳಿಯುವುದು ಅಷ್ಟಕ್ಕಷ್ಟೆ.

ಶಿಕ್ಷಣ ಹಕ್ಕು ಕಾಯ್ದೆಯ ಆರ್‌ಟಿಇ ಸೀಟಿನ ಮಾತೂ ಇಲ್ಲಿ ನಡೆಯುವುದಿಲ್ಲ. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಆ ಕಾಯ್ದೆ ಅನ್ವಯಿಸದು ಅಂತ 2014ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಬಡ ಮಗುವನ್ನು ಸೇರಿಸಿಕೊಳ್ಳುವುದು, ಫೀಸು ಬಿಡುವುದು, ಊಟ ಕೊಡುವುದು ಎಲ್ಲವೂ ಆಡಳಿತದ ಮನಸ್ಸಿಗೆ ಬಿಟ್ಟದ್ದು. ಮನಸ್ಸಿದ್ದಲ್ಲಿ ಚೆನ್ನಾಗಿ ನಡೆಯುತ್ತೆ, ಇಲ್ಲದ ಕಡೆ ಕೇಳುವವರಿಲ್ಲ. ಇದು ನನಗೆ ಸರಿ ಕಾಣುವುದಿಲ್ಲ ಅಂದೆ. ಟೀಚರಮ್ಮನೂ ಇಲ್ಲ ಅನ್ನಲಿಲ್ಲ. "ಒಳ್ಳೇ ಸಿಸ್ಟರ್‌ಗೆ ಟ್ರಾನ್ಸ್‌ಫರ್ ಆದ್ರೆ ಅವರ ಜೊತೆಗೇ ಅರ್ಧ ಒಳ್ಳೇತನಾನೂ ಹೊರಟುಹೋಗುತ್ತೆ," ಅಂದರು.

ಆಮೇಲೆ ಬೀರುವಿನ ವಿಷಯ ತೆಗೆದರು. ಮಕ್ಕಳಿಗೆ ತಲೆನೋವು ಹೊಟ್ಟೆನೋವು ಅಂದರೆ ಮಲಗಿಸುವ ರೂಮಿನಲ್ಲಿ ಒಂದು ಹಳೇ ಗಾಡ್ರೇಜ್ ಬೀರು. ಮೇಲಿನ ಅರೆಯಲ್ಲಿ ಡೆಟಾಲು, ಹತ್ತಿ, ಪ್ಯಾಡು. ನಡುವಿನದರಲ್ಲಿ ಗ್ಲೂಕೋಸ್ ಬಿಸ್ಕತ್ತು, ಅವಲಕ್ಕಿ ಡಬ್ಬ, ಬೆಲ್ಲ. ಕೆಳಗೆ ಒಗೆದು ಇಸ್ತ್ರಿ ಮಾಡಿಟ್ಟ ಯೂನಿಫಾರಂ, ಎಲ್ಲಾ ಅಳತೆಯವೂ. ಕಾಲರು ಹರಿದ ಹುಡುಗ ಕಣ್ಣಿಗೆ ಬಿದ್ದರೆ ಅವನನ್ನು ಕರೆದು ಅಂಗಿ ಕೊಡುವುದಿಲ್ಲ. ಚಾಕ್‌ಪೀಸ್ ತಗೊಂಡು ಬಾ ಅಂತ ಆ ರೂಮಿಗೆ ಕಳಿಸುವುದು. ಅಲ್ಲಿ ಕೂತಿರುವ ಸಿಸ್ಟರ್ ಅಳತೆ ನೋಡುವ ಹಾಗೆ ಒಂದು ಅಂಗಿ ಹಿಡಿದು, "ಟೈಲರು ಈ ಸೈಜು ಜಾಸ್ತಿ ಹೊಲಿದುಬಿಟ್ಟಿದ್ದಾನೆ ನೋಡು, ಇಟ್ಟು ಏನ್ ಮಾಡೋದು, ನಿಂಗೆ ಆಗುತ್ತೇನೋ ಹಾಕ್ಕೊಂಡು ನೋಡು," ಅನ್ನುವುದು. ಟೈಲರು ವರ್ಷವೆಲ್ಲಾ ಲೆಕ್ಕ ತಪ್ಪುತ್ತಲೇ ಇರುತ್ತಾನೆ. ಹುಡುಗನಿಗೂ ಗೊತ್ತು, ಸಿಸ್ಟರ್‌ಗೂ ಗೊತ್ತು, ಇಬ್ಬರೂ ಟೈಲರನ್ನು ಬೈದುಕೊಳ್ಳುತ್ತಾರೆ.

ಹಿಂದೆ ನಮ್ಮ ಕಡೆ ಓದುವ ಬಡ ಹುಡುಗರಿಗೆ ವಾರಾನ್ನ ಇತ್ತು. ಸೋಮವಾರ ವಕೀಲರ ಮನೆ, ಮಂಗಳವಾರ ಶಾನುಭೋಗರ ಮನೆ. ಅನ್ನ ಹಾಕಿದವರು ಪುಣ್ಯವಂತರೇ. ಉಂಡ ಹುಡುಗರು ಮುಂದೆ ದೊಡ್ಡ ಹುದ್ದೆಗೆ ಹೋಗಿ ಬರೆದುಕೊಂಡಿದ್ದನ್ನು ಓದಿದರೆ, ಪಲ್ಯದ ರುಚಿಗಿಂತ ಬಾಗಿಲಲ್ಲಿ ಕಾದು ನಿಂತದ್ದೇ ಜಾಸ್ತಿ ನೆನಪಿರುತ್ತದೆ. ಪಂಕ್ತಿಯ ಕೊನೆಗೆ ಕೂರಿಸಿದ್ದು, ಬಡಿಸುವಾಗ ಸೌಟು ಕೊಂಚ ಮೇಲೆಯೇ ನಿಂತದ್ದು.

ಕ್ಯಾತ್ಸಂದ್ರದ ಸಿದ್ಧಗಂಗಾ ಮಠ ಈ ಗಂಟನ್ನು ಬಿಡಿಸಿದ್ದು ಸುಲಭ ಉಪಾಯದಿಂದ. ಎಲ್ಲರಿಗೂ ಒಂದೇ ಸಾಲು, ಒಂದೇ ಮುದ್ದೆ. ಹತ್ತಿರ ಹತ್ತಿರ ಹತ್ತು ಸಾವಿರ ಮಕ್ಕಳು ಒಟ್ಟಿಗೆ ಉಣ್ಣಲು ಕೂತಾಗ ಅದರಲ್ಲಿ ಬಡವ ಯಾರು ಅಂತ ಹುಡುಕುವವರು ಯಾರು? 2019ರ ಜನವರಿ 21ರಂದು ಮಠದ ಶಿವಕುಮಾರ ಸ್ವಾಮಿಗಳು ಲಿಂಗೈಕ್ಯರಾದಾಗ ಮಕ್ಕಳ ಊಟ ಮುಗಿಯುವವರೆಗೂ ಸುದ್ದಿ ಹೊರಗೆ ಬಿಡಲಿಲ್ಲ. ನೂರಾ ಹನ್ನೊಂದು ವರ್ಷ ಬದುಕಿದವರ ಕೊನೆಯ ಏರ್ಪಾಡು ಊಟದ್ದೇ. ಆ ದಿನ ನಮ್ಮೂರಲ್ಲಿ ಚರ್ಚು ಮಸೀದಿ ಅನ್ನದೆ ಎಲ್ಲಾ ಕಡೆಯವರೂ ಮಠದ ದಾರಿ ಹಿಡಿದಿದ್ದರು. ಟೀಚರಮ್ಮನ ಶಾಲೆಯ ಸಿಸ್ಟರುಗಳೂ ಹೋಗಿದ್ದರಂತೆ.

"ಅಲ್ಲಿಂದ ಬಂದ ಮೇಲೆ ಒಬ್ಬರು ಸಿಸ್ಟರ್ ಕೇಳಿದ್ರು, ನಮ್ಮಲ್ಲೂ ಒಂದೇ ಸಾಲಲ್ಲಿ ಊಟ ಮಾಡಿಸೋಕಾಗಲ್ವಾ ಅಂತ. ಡಬ್ಬಿ ಬೇರೆ ಬೇರೆ ಇರುವಾಗ ಹೆಂಗಾಗುತ್ತೆ? ಒಬ್ಬಳದ್ರಲ್ಲಿ ಫ್ರೈಡ್ ರೈಸು, ಪಕ್ಕದವಳದ್ರಲ್ಲಿ ರಾತ್ರಿ ಅನ್ನಕ್ಕೆ ಒಗ್ಗರಣೆ. ಆ ಹುಡುಗಿ ಮುಚ್ಚಳ ಅರ್ಧ ಮುಚ್ಕೊಂಡೇ ತಿನ್ನೋಳು. ಕೊನೆಗೆ ಏನ್ ಮಾಡಿದ್ವಿ ಅಂದ್ರೆ, ಶುಕ್ರವಾರ ಎಲ್ರೂ ಡಬ್ಬೀನ ಒಂದೇ ಟೇಬಲ್ ಮೇಲೆ ಸುರೀಬೇಕು, ಟೀಚರ್‌ಗಳೂ ಸೇರಿ. ಒಗ್ಗರಣೆ ಅನ್ನಾನೇ ಮೊದಲು ಖಾಲಿಯಾಗೋದು!"

ಡಬ್ಬಿಯನ್ನಾದರೂ ಹೀಗೆ ಗೆಲ್ಲಬಹುದು. ನನ್ನ ಸಿಟ್ಟು ಬರ್ತ್‌ಡೇ ದಿನದ ಕಲರ್ ಡ್ರೆಸ್ ಮೇಲೆ. ಎಲ್ಲರೂ ಸಮ ಇರಲಿ ಅಂತ ಯೂನಿಫಾರಂ ತಂದವರೇ ಹುಟ್ಟಿದ ಹಬ್ಬದ ದಿನ ಬಣ್ಣದ ಬಟ್ಟೆ ಹಾಕಿಕೊಂಡು ಬಂದು ಕ್ಲಾಸಿಗೆಲ್ಲ ಚಾಕೊಲೇಟು ಹಂಚಬಹುದು ಅಂತ ಬಿಟ್ಟರು. ಹಂಚಲಾಗದ ಮಗು ಆ ದಿನ ಜ್ವರ ಅಂತ ಮನೆಯಲ್ಲೇ ಉಳಿಯುತ್ತದೆ. ಹಾಜರಿ ಪುಸ್ತಕವನ್ನೂ ಹುಟ್ಟಿದ ತಾರೀಖನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಯಾವ ಸರ್ವೆಯೂ ಬೇಕಾಗುವುದಿಲ್ಲ. ಸ್ಕೂಲ್ ಡೇ ಡ್ಯಾನ್ಸಿಗೆ ಬಾಡಿಗೆ ಡ್ರೆಸ್ಸು, ಟೂರಿನ ದುಡ್ಡು, ಇವೆಲ್ಲ ಇದೇ ಜಾತಿಯವು. ಗುಬ್ಬಿ ವೀರಣ್ಣನವರ ಕಂಪನಿ ಮೆರೆದ ಸೀಮೆಯಲ್ಲಿ ಒಂದು ಶಾಲಾ ನಾಟಕಕ್ಕೆ ಹಳೇ ಪಂಚೆ, ಬಣ್ಣದ ಕಾಗದ ಸಾಲದೇ? ಮೊಬೈಲಿನಲ್ಲಿ ಫೋಟೊ ಚೆನ್ನಾಗಿ ಬರುವುದಿಲ್ಲವಂತೆ.

ಹತ್ತನೇ ಕ್ಲಾಸಿನದು ಬೇರೆಯೇ ಲೋಕ. ನಮ್ಮ ಜಿಲ್ಲೆಗೆ ತುಮಕೂರು, ಮಧುಗಿರಿ ಅಂತ ಎರಡು ಶೈಕ್ಷಣಿಕ ಜಿಲ್ಲೆ, ಫಲಿತಾಂಶ ಬಂದ ದಿನ ಯಾರು ಎಷ್ಟನೇ ಸ್ಥಾನ ಅಂತ ಎರಡೆರಡು ಸಲ ಮಾನ ಹರಾಜು. ಸ್ಪೆಷಲ್ ಕ್ಲಾಸು, ಬೆಳಗಿನ ಜಾವ ಐದಕ್ಕೆ ಟೀಚರುಗಳ ಫೋನು, ಹಿಂದುಳಿದ ಮಕ್ಕಳನ್ನು ಒಬ್ಬೊಬ್ಬರು ಟೀಚರು ದತ್ತು ತೆಗೆದುಕೊಳ್ಳುವುದು, ಎಲ್ಲಾ ಶಾಲೆಯಲ್ಲೂ ನಡೆಯುತ್ತೆ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಆದ ಮೇಲೆ ಒಂದರಲ್ಲಿ ಹೋದರೂ ಮತ್ತೊಂದಿದೆ ಅನ್ನುವ ಧೈರ್ಯವಿದೆ. ಅಷ್ಟರ ಮಟ್ಟಿಗೆ ಒಳ್ಳೆಯದೇ ಆಯಿತು. ನೂರಕ್ಕೆ ನೂರು ಫಲಿತಾಂಶದ ಬೋರ್ಡು ಕಾಪಾಡಿಕೊಳ್ಳಲು ಒಂಬತ್ತನೇ ಕ್ಲಾಸಿನಲ್ಲೇ ದಡ್ಡ ಮಕ್ಕಳ ಕೈಗೆ ಟಿ.ಸಿ. ಕೊಟ್ಟು ಕಳಿಸುವ ಶಾಲೆಗಳೂ ಇವೆ, ಎಲ್ಲಾ ಧರ್ಮದವರದೂ. ಆ ಟಿ.ಸಿ. ಹಿಡಿದುಕೊಂಡು ಮಗು ಹೋಗುವುದು ಸರ್ಕಾರಿ ಶಾಲೆಗೆ. ಅಲ್ಲಿಯ ಮೇಷ್ಟ್ರು ಪಾಸು ಮಾಡಿಸುತ್ತಾರೆ, ಹೂವಿನ ಹಾರ ಇವರಿಗೆ ಬೀಳುತ್ತೆ.

ಟೀಚರಮ್ಮ ಇದಕ್ಕೆ ಉತ್ತರ ಕೊಡಲಿಲ್ಲ. ಬೇರೆ ಮಾತು ತೆಗೆದರು. ಹೋದ ವಾರ ಶಾಲೆಯಿಂದ ಕರೆ ಬಂದಿತ್ತಂತೆ. ಹೊಸದಾಗಿ ಬಂದಿರುವ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಕೌನ್ಸೆಲಿಂಗ್ ರೂಮು ಮಾಡಿಸುತ್ತಿದ್ದಾರೆ, ಎಲ್ಲಿ ಮಾಡಿದರೆ ಚೆನ್ನ ಅಂತ ಹಳಬರನ್ನು ಕೇಳುತ್ತಿದ್ದಾರೆ. ಆಫೀಸಿನ ಎದುರಿಗೇ ಇರಲಿ, ದೊಡ್ಡ ಬೋರ್ಡು ಹಾಕೋಣ, ಪೇರೆಂಟ್ಸಿಗೂ ಕಾಣುತ್ತೆ ಅಂತ ಎಲ್ಲರ ಮಾತು.

"ನೀವೇನಂದ್ರಿ?"

"ನಲ್ಲಿ ಪಕ್ಕ ಇರೋ ಸ್ಟೋರ್ ರೂಮ್ ಖಾಲಿ ಮಾಡಿಸಿ ಅಂದೆ. ಅಳ್ತಾ ಹೊರಗೆ ಬಂದ ಹುಡುಗಿ ಮುಖ ತೊಳ್ಕೊಂಡು ಕ್ಲಾಸಿಗೆ ಹೋಗಬಹುದು. ಎಲ್ಲೇ ಹೋಗಿದ್ದೆ ಅಂತ ಯಾರಾದ್ರೂ ಕೇಳಿದ್ರೆ ನೀರು ಕುಡಿಯೋಕೆ ಅಂದ್ರಾಯ್ತು."

"ಬೋರ್ಡು?"

"ಸ್ಟೋರ್ ರೂಮ್ ಅಂತ ಆಗ್ಲೇ ಬರೆದಿದೆಯಲ್ಲ, ಅದನ್ನ ಅಳಿಸೋಕೆ ಹೋಗಬೇಡಿ ಅಂದೆ."