ಎರಡು ಕಾಲಿನ ಡ್ರೈಯರು

ನಮ್ಮ ಮನೆಗಳಲ್ಲಿ ‘ಡ್ರೈಯರ್‌ಗೆ ಹಾಕು’ ಎಂದರೆ ಬಟ್ಟೆ ಒಣಗಿ ಗರಿಗರಿಯಾಗಿ ಹೊರಬರುತ್ತದೆಂದು ಯಾರೂ ನಂಬುವುದಿಲ್ಲ. ಸೆಮಿ ಆಟೊಮ್ಯಾಟಿಕ್ ಯಂತ್ರದ ಸಣ್ಣ ಡ್ರಮ್ಮಿನಲ್ಲಿ ಬಟ್ಟೆ ನಾಲ್ಕೈದು ನಿಮಿಷ ಗಿರಗಿರ ತಿರುಗಿ, ಯಂತ್ರ ಗಡಗಡ ನಡುಗುತ್ತಾ ಬಚ್ಚಲಿನ ಆ ಮೂಲೆಯಿಂದ ಈ ಮೂಲೆಗೆ ನಡೆದು ನಿಂತರೆ ಡ್ರೈಯರಿನ ಕೆಲಸ ಮುಗಿಯಿತು. ಅದು ಹಿಂಡುತ್ತದೆ, ಒಣಗಿಸುವುದಿಲ್ಲ. ಒಣಗಿಸುವ ಯಂತ್ರ ಬೇರೆಯೇ ಇದೆ. ಅದಕ್ಕೆ ಎರಡು ಕಾಲು, ಒಂದು ಕನ್ನಡಕ, ತಿಂಗಳಿಗೊಮ್ಮೆ ಪಿಂಚಣಿ. ಬೆಂಗಳೂರು, ಮೈಸೂರಿನ ಯಾವ ಬಡಾವಣೆಯಲ್ಲಾದರೂ ಬೆಳಗ್ಗೆ ಎಂಟೂವರೆಗೆ ತಾರಸಿಯ ಕಡೆ ಕತ್ತೆತ್ತಿ ನೋಡಿ: ಹೆಗಲ ಮೇಲೆ ಒದ್ದೆ ಟವೆಲು, ಬನಿಯನ್ನಿನ ಅಂಚಿಗೆ ಸಾಲಾಗಿ ಕ್ಲಿಪ್ಪು, ಕಣ್ಣು ಮೋಡದ ಮೇಲೆ. ಮೂವತ್ತೈದು ವರ್ಷ ಕಚೇರಿಯಲ್ಲಿ ಕಡತಗಳನ್ನು ನೇತಾಡಿಸಿ ಪಳಗಿದ ಕೈ ಈಗ ಬಟ್ಟೆಗೆ ಬಂದಿದೆ. ಇವರನ್ನು ಮನೆಯವರು ಜಿಪುಣರೆಂದೂ ನೆರೆಯವರು ಕೆಲಸವಿಲ್ಲದವರೆಂದೂ ಕರೆಯುತ್ತಾರೆ. ಎರಡೂ ತಪ್ಪು. ಮನೆಯಲ್ಲಿರುವ ಉಪಕರಣಗಳ ಪೈಕಿ ಅತ್ಯಂತ ದಕ್ಷವಾದದ್ದು ಈ ಯಜಮಾನರೇ ಎಂದು ಲೆಕ್ಕ ಹಾಕಿಯೇ ತೋರಿಸಬಹುದು.

ಒಂದು ಲೀಟರ್ ನೀರು ಆವಿಯಾಗಲು ಸುಮಾರು ಮುಕ್ಕಾಲಿಗೆ ತುಸು ಕಡಿಮೆ ಯೂನಿಟ್ ವಿದ್ಯುತ್ತಿನಷ್ಟು ಶಾಖ ಬೇಕು. ಆರು ಕೆಜಿ ಬಟ್ಟೆಯನ್ನು ಯಂತ್ರ ಎಷ್ಟೇ ಚೆನ್ನಾಗಿ ಹಿಂಡಿದರೂ ಅದರಲ್ಲಿ ಸುಮಾರು ಮೂರು ಲೀಟರ್ ನೀರು ಉಳಿದಿರುತ್ತದೆ. ಅಂದರೆ ಎರಡು ಯೂನಿಟ್ಟಿನ ಬಾಬ್ತು. ಹೀಟರಿನ ಡ್ರೈಯರು ಈ ಎರಡು ಯೂನಿಟ್ಟನ್ನು ತನ್ನ ದಸ್ತೂರಿಯನ್ನೂ ಸೇರಿಸಿ ಮೀಟರಿನಿಂದ ಕೀಳುತ್ತದೆ. ಯಜಮಾನರು ಅದನ್ನೇ ಗಾಳಿ ಬಿಸಿಲಿನಿಂದ ವಸೂಲು ಮಾಡುತ್ತಾರೆ. ಗಾಳಿ ಬಿಸಿಲು ಪುಕ್ಕಟೆ ಇರಬಹುದು, ವಸೂಲಾತಿ ಪುಕ್ಕಟೆಯಲ್ಲ. ಜೀನ್ಸ್ ಪ್ಯಾಂಟನ್ನು ಒಳಮಗ್ಗುಲು ತಿರುವಿ ಜೇಬುಗಳನ್ನು ಆಚೆ ಎಳೆದು ಹಾಕಬೇಕು, ಬಣ್ಣದ ಸೀರೆಗೆ ನೇರ ಬಿಸಿಲು ತಾಗಬಾರದು, ಎರಡು ಬಟ್ಟೆಗಳ ನಡುವೆ ಗಾಳಿ ಆಡುವಷ್ಟು ಜಾಗ ಬಿಡಬೇಕು, ಒಳಉಡುಪು ನಡುತಂತಿಯಲ್ಲಿ ಎರಡು ಹಾಸುವಸ್ತ್ರಗಳ ಮರೆಯಲ್ಲಿ ಮರ್ಯಾದೆಯಿಂದ ಒಣಗಬೇಕು. ಇದರ ಜೊತೆಗೆ ಊರಿನ ಹವೆಯ ಅಂದಾಜೂ ಬೇಕು. ಜುಲೈಯಲ್ಲಿ ಬೆಂಗಳೂರಿನ ಆಕಾಶ ದಿನವಿಡೀ ಮುಖ ಗಂಟಿಕ್ಕಿಕೊಂಡಿದ್ದರೂ ಪಶ್ಚಿಮದ ಗಾಳಿ ಬೀಸುವುದರಿಂದ ಬಟ್ಟೆ ಒಣಗುತ್ತದೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬೆಳಗಿನ ಬಿಸಿಲು ನಗುನಗುತ್ತಾ ನಂಬಿಸಿ, ಸಂಜೆ ನಾಲ್ಕಕ್ಕೆ ಕೈಕೊಡುತ್ತದೆ. ಮಧ್ಯಾಹ್ನದ ನಿದ್ದೆಯಲ್ಲೂ ಗುಡುಗಿಗೆ ಒಂದು ಕಿವಿ ತೆರೆದಿಡುವ ಸೆನ್ಸರು ಯಾವ ಕಂಪನಿಯ ಡ್ರೈಯರಿನಲ್ಲೂ ಇಲ್ಲ.

‘ಈಗ ಕರೆಂಟು ಪುಕ್ಕಟೆಯಲ್ಲವೇ?’ ಎಂದು ಕೇಳುವವರಿದ್ದಾರೆ. 2023ರಲ್ಲಿ ಬಂದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯ ನಿಯಮವನ್ನು ನಮ್ಮ ಯಜಮಾನರಷ್ಟು ಗಮನವಿಟ್ಟು ಓದಿದವರಿಲ್ಲ. ಬಹುತೇಕ ಮನೆಗಳಿಗೆ ಹಿಂದಿನ ಸರಾಸರಿ ಬಳಕೆಗೆ ಶೇಕಡ 10 ಸೇರಿಸಿದಷ್ಟು ಮಾತ್ರ ಉಚಿತ, ಅದೂ 200 ಯೂನಿಟ್ಟಿನ ಒಳಗೆ. 200 ದಾಟಿದರೆ ಪೂರ್ತಿ ಬಿಲ್ಲು. ದಿನಕ್ಕೆ ಕನಿಷ್ಠ ಎರಡರಂತೆ ತಿಂಗಳಿಗೆ ಅರವತ್ತು ಯೂನಿಟ್ ನುಂಗುವ ಅತಿಥಿಯನ್ನು ಮನೆಗೆ ಕರೆತರುವುದೆಂದರೆ ಮಿಕ್ಕ ಉಚಿತಕ್ಕೂ ಎಳ್ಳುನೀರು ಬಿಟ್ಟಂತೆ. ಹಾಗಾಗಿ ಪ್ರತಿ ತಿಂಗಳು ಮೀಟರಿನ ಮುಂದೆ ಟಾರ್ಚು ಹಿಡಿದು ನಿಲ್ಲುವವರೂ ಇವರೇ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಮಳೆಗಾಲದ್ದು. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಸುರಿಯುವ ಆಗುಂಬೆಯಲ್ಲಿ ತಂತಿ ಕಟ್ಟಿ ಆಕಾಶ ನೋಡುವವರಿಗೆ ನೆಗಡಿಯಷ್ಟೇ ಲಾಭ. ಆರಿದ್ರೆ ಮಳೆಯಲ್ಲಿ ಬಟ್ಟೆ ಆರಿದ್ರೆ ಉಂಟು, ಆರದಿದ್ರೆ ಇಲ್ಲ. ಗಾಳಿಯೇ ನೀರು ಕುಡಿದು ತೇಗುತ್ತಿರುವಾಗ ಬಟ್ಟೆಯ ನೀರನ್ನು ಅದು ಎಲ್ಲಿ ಇಟ್ಟುಕೊಳ್ಳಬೇಕು? ಆದರೆ ಮಲೆನಾಡು ಇದಕ್ಕೆ ಉತ್ತರ ಕಂಡುಕೊಂಡು ಎಷ್ಟೋ ಕಾಲವಾಯಿತು: ಬಚ್ಚಲೊಲೆಯ ಮೇಲೊಂದು ಗಳು, ಬಾಣಂತಿಯ ಮನೆಯಲ್ಲಿ ಕೆಂಡದ ಮೇಲೆ ಕವುಚಿದ ಬಿದಿರ ಬುಟ್ಟಿ. ಬಟ್ಟೆಗೆ ಹೊಗೆಯ ವಾಸನೆ ಹತ್ತುತ್ತಿತ್ತು ನಿಜ, ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಅದೇ ವಾಸನೆ ಇದ್ದುದರಿಂದ ಯಾರೂ ಮೂಗು ಮುಚ್ಚಿಕೊಳ್ಳಲಿಲ್ಲ. ಒಲೆಯಿಲ್ಲದ ಪೇಟೆಯ ಯಜಮಾನರು ಫ್ಯಾನಿನ ಮೊರೆ ಹೋಗುತ್ತಾರೆ. 75 ವ್ಯಾಟಿನ ಫ್ಯಾನು ಎಂಟು ಗಂಟೆ ತಿರುಗಿದರೂ ಮುಕ್ಕಾಲು ಯೂನಿಟ್ಟು ತುಂಬದು. ಕುರ್ಚಿಯ ಬೆನ್ನು, ಬಾಗಿಲ ನೆತ್ತಿ, ಸೊಳ್ಳೆಪರದೆಯ ಹಗ್ಗ ಎಲ್ಲವೂ ಬಟ್ಟೆಗೆ ಮೀಸಲಾಗಿ, ಬಂದ ನೆಂಟರು ಒದ್ದೆ ಲಂಗದ ತೋರಣದಡಿಯಲ್ಲಿ ತಲೆ ತಗ್ಗಿಸಿ ಒಳಗೆ ಬರಬೇಕಾಗುತ್ತದೆ. ಇಲ್ಲಿ ಒಂದು ಮಾತು ಒಪ್ಪಬೇಕು. ಕಿಟಕಿ ಮುಚ್ಚಿದರೆ ಮೂರು ಲೀಟರ್ ನೀರು ಗೋಡೆ ಹಿಡಿದು ಬೂಷ್ಟಾಗುತ್ತದೆ. ಬಟ್ಟೆ ಬಹಳ ಹೊತ್ತು ಹಸಿಯಾಗಿಯೇ ಇದ್ದರೆ ಒಗೆತದಲ್ಲೂ ಬದುಕುಳಿದ ಬ್ಯಾಕ್ಟೀರಿಯಾ ಹೆಚ್ಚಿ ಮುಗ್ಗಲು ವಾಸನೆ ಏಳುತ್ತದೆ. ಎಳೆಗೂಸು, ಹಾಸಿಗೆ ಹಿಡಿದ ರೋಗಿ ಇರುವ ಮನೆ ಕರಾವಳಿಯ ಆಷಾಢದಲ್ಲಿ ಡ್ರೈಯರು ಕೊಂಡರೆ ಅದನ್ನು ದುಂದು ಎನ್ನಲಾಗದು.

ಉಳಿದದ್ದು ಅಂದಚಂದದ ದೂರು. ಬಾಲ್ಕನಿಯಲ್ಲಿ ಬಟ್ಟೆ ಕಂಡರೆ ಕಟ್ಟಡದ ಕಳೆ ಕೆಡುತ್ತದೆಂದು ನೋಟಿಸು ಅಂಟಿಸುವ ಅಪಾರ್ಟ್‌ಮೆಂಟ್ ಸಂಘಗಳು ನಮ್ಮಲ್ಲೂ ಹುಟ್ಟಿವೆ. ಅಮೆರಿಕದ ಬಡಾವಣೆ ಸಂಘಗಳು ಈ ಹಾದಿಯಲ್ಲಿ ಬಹಳ ಮುಂದೆ ಹೋಗಿ, ಕೊನೆಗೆ ಫ್ಲಾರಿಡಾ, ಕ್ಯಾಲಿಫೋರ್ನಿಯಾದಂಥ ರಾಜ್ಯಗಳು ಹಗ್ಗ ಕಟ್ಟುವ ಹಕ್ಕಿಗೆ ಕಾನೂನನ್ನೇ ಮಾಡಬೇಕಾಯಿತು. ಮಗನ ಮನೆಗೆಂದು ಅಲ್ಲಿಗೆ ಹೋದ ನಮ್ಮ ಯಜಮಾನರಿಗೆ ಕಾಣುವ ಅತಿ ದೊಡ್ಡ ಅಚ್ಚರಿ ಗಗನಚುಂಬಿಯಲ್ಲ. ಅಂಗಳದ ತುಂಬ ಬಿಸಿಲಿದ್ದರೂ ಒಂದು ಟವೆಲೂ ಇಲ್ಲದಿರುವುದು.

ಆದರೆ ಒಂದು ಆಕ್ಷೇಪಕ್ಕೆ ನನ್ನಲ್ಲಿ ಉತ್ತರವಿಲ್ಲ. ಅದನ್ನು ಎತ್ತುವವರು ಮನೆಯ ಹೆಂಗಸರು. ತಲೆತಲಾಂತರದಿಂದ ಬಾವಿಕಟ್ಟೆಯಲ್ಲಿ ಒಗೆದು, ಮಡಿಸೀರೆಯನ್ನು ಕೋಲಿನಿಂದ ಎತ್ತರದ ಗಳುವಿಗೇರಿಸಿ, ಮಳೆ ಹನಿದರೆ ಒಲೆಯ ಮೇಲಿನ ಹಾಲನ್ನೂ ಬಿಟ್ಟು ಓಡಿದವರನ್ನು ಯಾರೂ ದಕ್ಷ ಉಪಕರಣವೆಂದು ಹೊಗಳಿ ಬರೆಯಲಿಲ್ಲ. ನಿವೃತ್ತಿಯಾದ ಮೇಲೆ ಕ್ಲಿಪ್ಪು ಹಿಡಿದ ಗಂಡಸಿಗೆ ಪ್ರಬಂಧವೇ ಸಿಕ್ಕಿದೆ. ಅದೂ ಇವರ ಕೆಲಸ ತಂತಿಯಿಂದ ಬಟ್ಟೆ ಎಳೆದು ಮಂಚದ ಮೇಲೆ ಗುಡ್ಡೆ ಹಾಕುವಲ್ಲಿಗೆ ಮುಗಿಯುತ್ತದೆ, ಮಡಿಸುವವರು ಬೇರೆ. ಆದ್ದರಿಂದ ತೀರ್ಪನ್ನು ತುಸು ತಿದ್ದಿಯೇ ಕೊಡಬೇಕು. ಒಣಗಿಸುವುದರಲ್ಲಿ ಯಜಮಾನರು ಯಂತ್ರವನ್ನು ಮೀರಿಸುತ್ತಾರೆ, ಸಂದೇಹವಿಲ್ಲ. ಮಡಿಸುವುದು ಯಂತ್ರಕ್ಕೂ ಬಾರದು, ಇವರಿಗೂ ಬಾರದು. ಆದರೆ ಯಂತ್ರ, ಇಡೀ ಮನೆಯ ಬಟ್ಟೆ ನೋಡಿಕೊಳ್ಳುವುದು ತಾನೇ ಎಂದು ನೆಂಟರ ಮುಂದೆ ಹೇಳಿಕೊಳ್ಳುವುದಿಲ್ಲ.