ಸಂಘ ಸೇರಿದರೆ ಶಾಂಪೂ ಖರ್ಚಾದೀತೆ?

ನೇರ ಮಾರಾಟಕ್ಕೆ ಇಳಿದವರ ಮೊದಲ ಗಿರಾಕಿ ಅತ್ತಿಗೆ, ಎರಡನೆಯವರು ಚಿಕ್ಕಮ್ಮ. ಮೂರನೆಯವರನ್ನು ಹುಡುಕುವಷ್ಟರಲ್ಲಿ ನೆಂಟಸ್ತನವೇ ಮುಗಿದಿರುತ್ತದೆ. ಆಗ ನೆನಪಾಗುವುದು ವ್ಯಾಪಾರಿಗಳ ಸಂಘ. 1985ರಲ್ಲಿ ಅಮೆರಿಕದ ಐವನ್ ಮೈಸ್ನರ್ ಕಟ್ಟಿದ ಬಿಎನ್‌ಐ ಎಂಬ ಇಂಥ ಸಂಘದಲ್ಲಿ ವಾರಕ್ಕೊಂದು ಸಭೆ. ಒಂದು ಶಾಖೆಯಲ್ಲಿ ಒಂದು ಕಸುಬಿಗೆ ಒಬ್ಬರೇ. ನಾನು ನಿನಗೆ ಗಿರಾಕಿ ಕಳಿಸುತ್ತೇನೆ, ನೀನು ನನಗೆ ಕಳಿಸು ಎಂಬ ಲೆಕ್ಕಾಚಾರ.

ಕುಮುದ್ವತಿ ನದಿಗೆ ಕಟ್ಟಿದ ಜಲಾಶಯವಿರುವ ನಮ್ಮ ಅಂಜನಾಪುರದಲ್ಲಿ ಇದು ನಡೆದೀತೆ? ವಾರದ ಸಭೆ ನಮಗೇನು ಹೊಸದಲ್ಲ. ಸ್ತ್ರೀಶಕ್ತಿ ಸಂಘಗಳಿಗೆ ಅದು ರೂಢಿ. ಆದರೆ ಒಂದೇ ಸಂಘದಲ್ಲಿ ಶಾಂಪೂ ಮಾರುವವರು ಮೂವರಿದ್ದರೆ ಒಬ್ಬರ ತಲೆಗೆ ಇನ್ನೊಬ್ಬರು ನೊರೆ ಹಚ್ಚುತ್ತಾ ಕೂರಬೇಕಷ್ಟೆ. ಅಡಿಕೆ ವ್ಯಾಪಾರಿ, ಟೈಲರ್, ಟ್ರ್ಯಾಕ್ಟರ್ ರಿಪೇರಿಯವರು ಜೊತೆಗಿದ್ದರೆ ಮಾತ್ರ ನಮ್ಮ ಹೆಸರು ಶಿಕಾರಿಪುರ ಪೇಟೆ ಮುಟ್ಟೀತು. ಅದೂ ನಾವು ಆ ಟೈಲರ್ ಬಳಿ ನಾಲ್ಕು ಬ್ಲೌಸ್ ಹೊಲಿಸಿದ ಮೇಲೆ!

'ಜನರನ್ನು ಸೇರಿಸು, ಕಮಿಷನ್ ಎಣಿಸು' ಎನ್ನುವವರಿಂದ ಮಾತ್ರ ಮಾರು ದೂರ ಇರಿ. 2021ರ ನೇರ ಮಾರಾಟ ನಿಯಮಗಳು ಇಂಥ ಪಿರಮಿಡ್ ಯೋಜನೆಗಳನ್ನು ನಿಷೇಧಿಸಿವೆ. ಉಳಿದಂತೆ ಧಾರಾಳವಾಗಿ ಸಂಘ ಸೇರಿ, ತಿಂಡಿ ತಿನ್ನಿ. ಮೊದಲ ಸಭೆಯಲ್ಲೇ ಬ್ಯಾಗಿನ ಜಿಪ್ ಎಳೆಯಬೇಡಿ. ಆ ಸದ್ದು ಕೇಳಿದರೆ ಸಾಕು, ಮಂಡಿನೋವಿನವರೂ ಎದ್ದು ಓಡುತ್ತಾರೆ.